ನಡುವಿನಮನಿಯವರು

ಇದು ಇನ್ನೂ ಬರಬೇಕಾದ ಕಾಲದ ಮಾತು. ಆದರೆ ಆ ಕಾಲದಲ್ಲೂ ಹುಬ್ಬಳ್ಳಿಯ ಮಂದಿ ಜೋಳದ ರೊಟ್ಟಿ ಬಿಟ್ಟಿರಲಿಲ್ಲ, ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಾವಂತ್ರಕ್ಕನ ಖಾನಾವಳಿ ಮುಚ್ಚಿರಲಿಲ್ಲ. ದಿನಕ್ಕೆ ಇನ್ನೂರು ಮಂದಿ ಅಲ್ಲಿ ಉಂಡು ಕೈ ತೊಳೆಯುತ್ತಿದ್ದರು. ಬಿಸಿ ರೊಟ್ಟಿ, ಎಣ್ಣೆ ಬದನೆಕಾಯಿ, ಶೇಂಗಾ ಹಿಂಡಿ, ಕೆನೆ ಮೊಸರು! ಹೊಟ್ಟೆ ತುಂಬಿದವನೂ ಇನ್ನೊಂದು ರೊಟ್ಟಿ ಕೇಳುತ್ತಿದ್ದ.

ಇಷ್ಟು ಮಂದಿಗೆ ಉಣ್ಣಿಸುವ ಸಾವಂತ್ರಕ್ಕ ತಾನು ಮಾತ್ರ ಮೂರು ವರ್ಷದಿಂದ ಒಂದು ತುತ್ತು ರೊಟ್ಟಿ ತಿಂದಿರಲಿಲ್ಲ. ಅದು ಊರಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ಆಕೆ ಬಲು ಜೋಪಾನ ಮಾಡಿದ್ದಳು. ತಾ ಉಣ್ಣದ ಅಡಿಗೆಯನ್ನು ಮಂದಿಗೆ ಬಡಿಸುವವಳ ಮನೆಗೆ ಯಾರು ತಾನೆ ಉಣ್ಣಲು ಬಂದಾರು? ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಇಬ್ಬರು ಹೆಂಗಸರನ್ನು ಬಿಟ್ಟರೆ ಈ ಗುಟ್ಟು ತಿಳಿದಿದ್ದದ್ದು ಉಣಕಲ್ ಕೆರೆಯ ಆಚೆಗಿದ್ದ ಕರುಳಿನ ಸಂಶೋಧನಾ ಕೇಂದ್ರದವರಿಗೆ. ಅವರಲ್ಲಿ ಮುಮ್ತಾಜ್ ನದಾಫಳಿಗೆ ಅದು ಗುಟ್ಟಾಗಿ ಅಲ್ಲ, ಎದೆಯ ಮೇಲಿನ ಕಲ್ಲಾಗಿ ಕೂತಿತ್ತು.

ಮುಮ್ತಾಜ್ ಇಂಜಿನಿಯರು. ವಯಸ್ಸು ಮೂವತ್ತೆರಡು. ಮಾತು ಕಡಿಮೆ, ಹಟ ಜಾಸ್ತಿ. ಒಂದು ವರ್ಷದ ಹಿಂದೆ, ಕರುಳಿಗೆ ಹೊಸ ಕೋಶ ಕಸಿ ಮಾಡಲು ಒಪ್ಪಿಗೆ ಪಡೆಯಲು ಆಕೆಯೇ ಖಾನಾವಳಿಗೆ ಹೋಗಿದ್ದಳು. ರೊಟ್ಟಿ ಸುತ್ತಿ ಕೊಡುವ ಹಳೇ ಪೇಪರಿನ ಮೇಲೆ ಪೆನ್ನಿನಿಂದ ಚಿತ್ರ ಬರೆದು ಬಿಡಿಸಿ ಹೇಳಿದ್ದಳು.

"ನೋಡ್ರಿ ಅಕ್ಕಾರ, ಕರುಳಿನ ಗೋಡಿಯೊಳಗ ಎರಡು ಪದರು ಸ್ನಾಯು ಇರ್ತಾವು. ಹೊರಗಿಂದು ಉದ್ದಕ್ಕ ಹರಡಿರ್ತೈತಿ. ಒಳಗಿಂದು ಬಳಿ ಹಾಂಗ ಸುತ್ತ ಇರ್ತೈತಿ. ಉದ್ದಂದು ಎಳೀಬೇಕು, ಬಳಿಯಂಥಾದ್ದು ಹಿಂಡಬೇಕು. ಎರಡೂ ಕೂಡಿ ಮಾಡಿದ್ರನ ಉಂಡದ್ದು ಮುಂದಕ್ಕ ಹೋಗ್ತೈತಿ."

"ರೊಟ್ಟಿ ಬಡದಾಂಗ," ಅಂದಿದ್ದಳು ಸಾವಂತ್ರಕ್ಕ. "ಒಂದು ಕೈ ಬಡೀಬೇಕು, ಇನ್ನೊಂದು ಕೈ ತಿರುವಬೇಕು. ಕೈ ತಪ್ಪಿದ್ರ ರೊಟ್ಟಿ ಹರೀತೈತಿ."

"ಹೌದ್ರಿ, ಹಾಂಗ! ಆದ್ರ ಆ ಎರಡೂ ಪದರಿಗೆ ತಾಳ ಕೊಡೋರು ಬ್ಯಾರೆ ಇರ್ತಾರ. ಎರಡರ ನಡುವ ಸಣ್ಣ ಸಣ್ಣ ಕೋಶ ಇರ್ತಾವು. ಮೈ ಅಂದ್ರ ಕಡ್ಡಿ, ಕೈ ಮಾತ್ರ ಉದ್ದ. ಒಂದು ಕೈ ಮ್ಯಾಲಿನ ಪದರಿಗೆ, ಒಂದು ಕೈ ಕೆಳಗಿನ ಪದರಿಗೆ, ಉಳಿದ ಕೈ ಆಜುಬಾಜು ಇದ್ದ ತಮ್ಮವರಿಗೆ. ಕೈ ಕೂಡಿದಲ್ಲೆ ಒಂದು ಸಣ್ಣ ಕಿಂಡಿ ತೆರೀತೈತಿ. ಆ ಕಿಂಡಿಯಾಗ ಕರೆಂಟ್ ದಾಟತೈತಿ. ನಿಮಿಷಕ್ಕ ಹನ್ನೆರಡು ಸಲ ಇವು ತಾವೇ ತಾಳ ಹಾಕಿ, ಎರಡೂ ಕಡೆ ಸುದ್ದಿ ಮುಟ್ಟಸ್ತಾವು. ನರಗಳು ಈಗ ಜೋರು ಮಾಡ್ರಿ, ಈಗ ಸಾವಕಾಶ ಮಾಡ್ರಿ ಅಂತ ಹೇಳಬಹುದು. ತಾಳ ಮಾತ್ರ ಇವುಗಳದ್ದ."

"ಯಾರೂ ಹೇಳದನ?"

"ಯಾರೂ ಹೇಳದನ. ದಿನಕ್ಕ ಹದಿನೇಳು ಸಾವಿರ ಸಲ. ಹುಟ್ಟಿದಾಗಿಂದ ಸಾಯೂತನಕ."

ಸಾವಂತ್ರಕ್ಕ ಆ ಚಿತ್ರವನ್ನೇ ನೋಡುತ್ತ ಕೂತಳು. ಮೂರು ವರ್ಷದ ಹಿಂದೆ ಆಕೆಗೆ ಒಂದು ಕೆಟ್ಟ ಜ್ವರ ಬಂದಿತ್ತು. ಜ್ವರ ಇಳಿಯಿತು. ಆದರೆ ಜ್ವರದ ಹುಳವನ್ನು ಹೊಡೆಯಲು ಹೋದ ಅವಳ ಮೈಯೇ ಗುರುತು ತಪ್ಪಿ ಈ ಕೋಶಗಳನ್ನು ಹೊಡೆದುಹಾಕಿತ್ತು. ಸ್ನಾಯು ಇತ್ತು, ನರ ಇತ್ತು, ತಾಳ ಇರಲಿಲ್ಲ. ಉಂಡದ್ದು ಉಂಡಲ್ಲೇ ನಿಂತು ಹೊಟ್ಟೆ ಉಬ್ಬಿ ವಾಂತಿಯಾಗುತ್ತಿತ್ತು. ಅಂದಿನಿಂದ ರಾತ್ರಿಯೆಲ್ಲ ಎದೆಯ ನಾಳಕ್ಕೆ ಬಿಟ್ಟ ನಳಿಕೆಯಿಂದ ಸಲಾಯಿನ್ ಥರದ ಊಟ, ಹಗಲೆಲ್ಲ ಊರಿಗೆ ಅಡಿಗೆ.

"ಅಂದ್ರ," ಎಂದಳು ಕೊನೆಗೆ, "ನಂದು ಮೇಲಿನಮನಿಯವ್ರು ಅದಾರ, ಕೆಳಗಿನಮನಿಯವ್ರೂ ಅದಾರ. ನಡುವಿನಮನಿಯವ್ರು ಮನಿ ಬಿಟ್ಟು ಹೋಗ್ಯಾರ ಅನ್ನು."

ಮುಮ್ತಾಜ್ ಬಿದ್ದು ಬಿದ್ದು ನಕ್ಕಳು. ಆ ಕಡೆಯ ಯಾವ ಸಾಲಿಯ ಹಾಜರಿ ಪುಸ್ತಕ ತೆಗೆದರೂ ಈ ಮೂರು ಅಡ್ಡಹೆಸರು ಇದ್ದೇ ಇರುತ್ತವೆ: ಮೇಲಿನಮನಿ, ನಡುವಿನಮನಿ, ಕೆಳಗಿನಮನಿ. ಆ ಕೋಶಗಳಿಗೆ ಪುಸ್ತಕದಲ್ಲಿ ಯಾವುದೋ ಸ್ಪೇನ್ ದೇಶದ ಹೆಸರಿತ್ತು. ಮರುದಿನದಿಂದ ಇಡೀ ಲ್ಯಾಬು ಅದನ್ನು ಮರೆತು ನಡುವಿನಮನಿಯವರು ಎಂದೇ ಕರೆಯತೊಡಗಿತು. ಮುಖ್ಯಸ್ಥರಾದ ಗಲಗಲಿ ಡಾಕ್ಟರು ದೊಡ್ಡ ದೊಡ್ಡ ಸಭೆಯಲ್ಲೂ ಹಾಗೇ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡದ್ದುಂಟು.

ಮನೆ ಬಿಟ್ಟು ಹೋದವರನ್ನು ಮರಳಿ ತಂದು ಕೂರಿಸುವುದೇ ಆ ಕೇಂದ್ರದ ಕೆಲಸ. ಸಾವಂತ್ರಕ್ಕನ ತೋಳಿನ ಚರ್ಮದ ಒಂದು ಚೂರು ತೆಗೆದು, ಅದರ ಕೋಶಗಳಿಗೆ ತಮ್ಮ ಹಳೇ ಕಸುಬು ಮರೆಸಿ, ಗಾಜಿನ ತಟ್ಟೆಯಲ್ಲಿ ನಡುವಿನಮನಿಯವರನ್ನಾಗಿ ಬೆಳೆಸಿದರು. ಉಳ್ಳಾಗಡ್ಡಿಯ ಒಳಸಿಪ್ಪೆಗಿಂತ ತೆಳ್ಳನೆಯ ಹಾಳೆಯ ಮೇಲೆ ಜಾಳಿಗೆಯಂತೆ ಹರಡಿ, ಕರುಳಿನ ಆರು ಕಡೆ ಎರಡು ಪದರಿನ ನಡುವೆ ಹುದುಗಿಸಿದರು. ಸೊಂಟಕ್ಕೆ ಒಂದು ಪಟ್ಟಿ ಕಟ್ಟಿದರು. ಆ ಪಟ್ಟಿ ಮುಮ್ತಾಜಳ ಕೂಸು.

ಹೊಸದಾಗಿ ಬಂದ ಕೋಶಗಳಿಗೆ ತಾಳ ಗೊತ್ತು, ನೆರೆಹೊರೆ ಗೊತ್ತಿಲ್ಲ. ಪಟ್ಟಿ ಸಣ್ಣ ಸಣ್ಣ ಕರೆಂಟಿನ ತಟ್ಟು ಕೊಟ್ಟು ಅವಕ್ಕೆ ಎರಡು ಪಾಠ ಕಲಿಸಬೇಕು. ಒಂದು ಉಂಡ ಪಾಠ: ಹೊಟ್ಟೆಯಲ್ಲಿ ಅನ್ನವಿದ್ದಾಗ ಕರುಳು ಅಲ್ಲಲ್ಲೇ ಕಲಸುತ್ತದೆ, ನಾದುತ್ತದೆ. ಇನ್ನೊಂದು ಹಸಿದ ಪಾಠ: ಹೊಟ್ಟೆ ಖಾಲಿಯಾದಾಗ ಒಂದೂವರೆ ತಾಸಿಗೊಮ್ಮೆ ಒಂದು ದೊಡ್ಡ ಅಲೆ ಮೇಲಿನಿಂದ ಕೆಳತನಕ ಸರಿದು ಅಳಿದುಳಿದ ಕಸವನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಹಸಿದಾಗ ಹೊಟ್ಟೆ ಗುರ್ರ್ ಅನ್ನುವುದು ಇದೇ ಕಸಬರಿಗೆಯ ಸದ್ದು. ನಮ್ಮ ಹಿರಿಯರು ಹೊಟ್ಟೆ ತಾಳ ಹಾಕುತ್ತದೆ ಅಂದದ್ದು ಸುಮ್ಮನೆ ಅಲ್ಲ ನೋಡಿ!

ಯಾವ ಪಾಠ ಯಾವಾಗ ಎಂದು ಪಟ್ಟಿಗೆ ತಿಳಿಯಬೇಕಲ್ಲ? ಅದಕ್ಕೆ ಮುಮ್ತಾಜ್ ಕಿವಿ ಇಟ್ಟಳು. ಹಿಟ್ಟು ಹತ್ತಿದ ಕೈಯಲ್ಲಿ ಗುಂಡಿ ಒತ್ತುವ ರಗಳೆ ಬೇಡ. ಸಾವಂತ್ರಕ್ಕ ಎರಡು ಚಮಚ ತಿಳಿ ಅಂಬಲಿ ಕುಡಿದು ಬಾಯಲ್ಲಿ "ಊಟ ಆತು" ಅಂದರೆ ಸಾಕು, ಬರೇ "ಆತು" ಅಂದರೂ ನಡೆದೀತು. ಆಕೆಯ ದನಿ ಗುರುತಿಸಿ ಪಟ್ಟಿ ಟಿಕ್ ಎನ್ನುತ್ತದೆ, ಎರಡು ತಾಸು ಉಂಡ ಪಾಠ ನಡೆಸುತ್ತದೆ, ಆಮೇಲೆ ತಾನಾಗಿ ಹಸಿದ ಪಾಠಕ್ಕೆ ಹೊರಳುತ್ತದೆ. ರಾತ್ರಿ ಸಲಾಯಿನ್ ಹರಿಯುವಾಗ ಪಟ್ಟಿಗೂ ರಜೆ. ಎಂಥ ಚೆಂದದ ಏರ್ಪಾಡು! ಗಲಗಲಿ ಡಾಕ್ಟರು ಮುಮ್ತಾಜಳ ಬೆನ್ನು ತಟ್ಟಿದ್ದರು.

ಲೆಕ್ಕ ನಲವತ್ತು ದಿನದ್ದು. ಅಷ್ಟರೊಳಗೆ ನಡುವಿನಮನಿಯವರು ಎರಡೂ ಪದರಿಗೆ ಕಿಂಡಿ ತೆರೆದು ಕೈ ಹಿಡಿಯದಿದ್ದರೆ ಅವರಿಗೆ ಅನ್ನ ನೀರು ಸಿಗದೆ ಸೊರಗುತ್ತಾರೆ. ಸತ್ತ ಜಾಳಿಗೆ ಒಳಗೇ ಕೊಳೆತರೆ ಜೀವಕ್ಕೆ ಅಪಾಯ. ತೆಗೆಯಲೇಬೇಕು. ಒಮ್ಮೆ ತೆಗೆದರೆ ಆ ಕರುಳಿನ ಮೇಲೆ ಮತ್ತೊಮ್ಮೆ ಕತ್ತರಿ ಆಡಿಸುವ ಹಾಗಿಲ್ಲ. ಅಂದರೆ ಸಾವಂತ್ರಕ್ಕನಿಗೆ ರೊಟ್ಟಿ ಈ ಜನ್ಮಕ್ಕೆ ಇಲ್ಲ.

ಮೂವತ್ತೇಳನೇ ದಿನ, ಮಂಗಳವಾರ, ಗಲಗಲಿ ಡಾಕ್ಟರು ಮುಮ್ತಾಜಳನ್ನು ಪರದೆಗಳ ಕೋಣೆಗೆ ಕರೆದರು. ಕಸಿ ಮಾಡಿಸಿಕೊಂಡ ಆರು ಮಂದಿಗೆ ಆರು ಪರದೆ. ಒಂದೊಂದರಲ್ಲೂ ಎರಡು ಗೆರೆ: ಮೇಲಿನಮನಿಯದು ಕೆಂಪು, ಕೆಳಗಿನಮನಿಯದು ನೀಲಿ. ಐದು ಪರದೆಗಳಲ್ಲಿ ಕೆಂಪು ಏರಿದಾಗ ನೀಲಿ ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು. ನಿಮಿಷಕ್ಕೆ ಹನ್ನೆರಡು ಸಲ, ತಪ್ಪದೆ. ಆರನೆಯದರಲ್ಲಿ ಕೆಂಪಿನ ದಾರಿ ಕೆಂಪಿಗೆ, ನೀಲಿಯ ದಾರಿ ನೀಲಿಗೆ.

ಡಾಕ್ಟರು ಬಸಿಯಲ್ಲಿ ಸುರಿದ ಚಹಾವನ್ನು ಸೊರ್ರೆಂದು ಎಳೆದರು. ಎಷ್ಟು ದೊಡ್ಡ ಸರ್ಜನ್ ಆದರೂ ಬಸಿ ಬಿಟ್ಟವರಲ್ಲ. "ಶುಕ್ರವಾರ ಮುಂಜಾನೆ ತಗದಬಿಡೂಣು, ಮುಮ್ತಾಜ್."

"ಸರ್, ಐದು ಮಂದಿಗಿ ಆಗೇತಿ. ಆಕಿಗೊಬ್ಬಾಕಿಗಿ ಯಾಕ ಆಗವಲ್ದು?"

"ಉಳದವ್ರು ನಮ್ಮ ಕ್ವಾರ್ಟರ್ಸಿನಾಗ ಅರಾಮ ಮಲಗ್ಯಾರ. ಈಕಿ ಖಾನಾವಳಿ ಬಿಟ್ಟು ಬರೂದಿಲ್ಲ ಅಂದ್ಲು. ದಣಿವು ಇರಬೇಕು. ವಯಸ್ಸು ಇರಬೇಕು. ಎಲ್ಲಾ ನಮ್ಮ ಕೈಯಾಗ ಇರೂದಿಲ್ಲವಾ."

ಮುಮ್ತಾಜ್ ಪರದೆಯ ಕೆಳಗಿನ ಹಸಿರು ಪಟ್ಟೆ ನೋಡಿದಳು. ಅದು ಊಟದ ಗುರುತು. ಮುಂಜಾನೆ ಒಂಬತ್ತಕ್ಕೆ ಸಲಾಯಿನ್ ಬಿಚ್ಚಿದಾಗಿನಿಂದ ರಾತ್ರಿ ಮತ್ತೆ ಹಚ್ಚುವತನಕ ಉದ್ದಕ್ಕೂ ಹಸಿರು. ಅದರಲ್ಲಿ ವಿಶೇಷವೇನೂ ಯಾರಿಗೂ ಕಂಡಿರಲಿಲ್ಲ. ಗುಟುಕು ಗುಟುಕಾಗಿ ಕುಡಿಯಿರಿ ಎಂದು ಅವರೇ ಹೇಳಿದ್ದರು, ಪಾಪ, ಹಾಗೇ ಕುಡಿಯುತ್ತಿರಬೇಕು ಅಂದುಕೊಂಡಿದ್ದರು. ಒಂದೇ ಊಟದ ಮಾತನ್ನು ಎರಡು ಸಲ ಹೇಳಿದರೆ ಎರಡು ಊಟ ಎಂದು ಬರೆಯದೆ, ಅದೇ ಊಟವನ್ನು ಮುಂದಕ್ಕೆ ಎಳೆಯುವಂತೆ ಪಟ್ಟಿಗೆ ಹೇಳಿಕೊಟ್ಟವಳೂ ಮುಮ್ತಾಜಳೇ.

ಅದು ರಂಜಾನ್ ತಿಂಗಳು. ಸಂಜೆ ಮನೆಯಲ್ಲಿ ಖರ್ಜೂರ ಬಾಯಿಗೆ ಹಾಕಿಕೊಂಡು ರೋಜಾ ಬಿಟ್ಟಳು. ಆದರೆ ಮುಂದಿನ ತುತ್ತು ಇಳಿಯಲಿಲ್ಲ. ಅವ್ವ ಹುಸೇನಬಿ ಕಣ್ಣಲ್ಲೇ ಮಗಳ ಮನಸ್ಸು ಓದುವವಳು. ಕೇಳಿದಳು, ಮಗಳು ಹೇಳಿದಳು.

"ಅಯ್ಯ ನನ್ನವ್ವಾ," ಎಂದು ಹುಸೇನಬಿ ಮರುಗಿದಳು. ಆಮೇಲೆ ತಟ್ಟೆಗೆ ಇನ್ನೊಂದು ಭಜಿ ಹಾಕುತ್ತ, "ಅಲ್ಲಾ, ಆಕಿಗಿ ಹಸಿವಾಗ್ತೈತೇನು?" ಎಂದಳು.

"ಏನು?"

"ರೋಜಾದಾಗ ಮಧ್ಯಾಹ್ನ ನಮಗ ಹೊಟ್ಟಿ ಗುರ್ರ್ ಅಂತೈತಲ್ಲ. ಆಕಿಗಿ ಅಂತೈತೇನು ಅಂತ. ಹಸಿವ ಇಲ್ದಾಕಿಗಿ ಊಟ ಕಲಿಸಿದ್ರ ಏನು ಬಂತು?"

ಮುಮ್ತಾಜ್ ಭಜಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಮೂವತ್ತೇಳು ದಿನ ಆಕೆ ಉಂಡ ಪಾಠವನ್ನೇ ತಿದ್ದುತ್ತ ಕೂತಿದ್ದಳು. ಹಸಿದ ಪಾಠದ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಬುಧವಾರ ಮುಂಜಾನೆ ಎಲ್ಲರಿಗಿಂತ ಮೊದಲು ಲ್ಯಾಬಿಗೆ ಹೋಗಿ ಹುಡುಕಿದಳು. ಕೈ ಹಿಡಿದ ಐದು ಮಂದಿಯಲ್ಲಿ ಗುಡಿಸುವ ಅಲೆ ದಿನಕ್ಕೆ ಐದಾರು ಸಲ ಬಂದಿತ್ತು. ಗೆರೆಗಳು ಮೊದಲು ಕೂಡಿದ್ದೂ ಆ ಅಲೆ ಹಾಯ್ದಾಗಲೇ. ಸಾವಂತ್ರಕ್ಕನದರಲ್ಲಿ ಮೂವತ್ತೇಳು ದಿನಕ್ಕೆ ಎಷ್ಟು? ಒಂದೂ ಇಲ್ಲ. ಆಕೆಯ ಪಟ್ಟಿ ಒಂದೇ ಒಂದು ಸಲವೂ ಹಸಿದ ಪಾಠ ತೆರೆದಿರಲಿಲ್ಲ. ದಿನವಿಡೀ ಈ ಹೆಂಗಸು ಏನು ಉಣ್ಣುತ್ತಾಳೆ? ಮುಮ್ತಾಜ್ ಆಟೋ ಹಿಡಿದು ಖಾನಾವಳಿಗೆ ಹೊರಟಳು.

ಮುಟ್ಟಿದಾಗ ಮಧ್ಯಾಹ್ನ. ಗದ್ದಲವೋ ಗದ್ದಲ. ಸಾವಂತ್ರಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲರ ತಟ್ಟೆಯ ಮೇಲೂ ಕಣ್ಣಿಟ್ಟಿದ್ದಳು. "ಏ, ಆ ಮೂಲಿಗಿ ಹಿಂಡಿ ಹಾಕ್ರಿ. ಯಪ್ಪಾ, ಇನ್ನೊಂದು ಅರ್ಧ ರೊಟ್ಟಿ? ನಾಚಬ್ಯಾಡ." ಮುಮ್ತಾಜಳನ್ನು ಕಂಡು ಮುಖ ಅರಳಿತು, ಮರುಗಳಿಗೆ ಕಂದಿತು. "ಶುಕ್ರವಾರದ ಮಾತು ಹೇಳಾಕ ಬಂದಿಯೇನ ತಂಗಿ? ಡಾಕ್ಟರು ಫೋನ್ ಮಾಡಿದ್ರು. ಇರಲಿ ಬಿಡು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರ. ನನಗ ಮಾತರ ಬರ್ತೈತಿ. ಅದರಾಗ ದಿನಾ ನೂಕತೀನಿ." ನಗುತ್ತ ಹೇಳಿದಳು. ಆದರೆ ಸೆರಗಿನ ತುದಿ ಹಿಂಡುತ್ತಿದ್ದ ಬೆರಳು ನಗುತ್ತಿರಲಿಲ್ಲ.

ಮುಮ್ತಾಜ್ ಮೂಲೆಯ ಬೆಂಚಿನ ಮೇಲೆ ಕೂತು, ಪಟ್ಟಿಯ ಸುದ್ದಿ ತೋರಿಸುವ ಅಂಗೈಯಗಲದ ಪರದೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಆಗ ಫಕೀರಪ್ಪ ಎದ್ದ. ಸಾರಿಗೆ ಬಸ್ಸಿನ ಕಂಡಕ್ಟರಾಗಿ ಮುಪ್ಪಾದವನು, ಇಪ್ಪತ್ತು ವರ್ಷದಿಂದ ಇಲ್ಲೇ ಉಣ್ಣುವವನು. ಕೈ ತೊಳೆದು ಟವೆಲ್ಲಿನಲ್ಲಿ ಒರೆಸುತ್ತ, "ಬರ್ತೀನ್ರಿ ಅಕ್ಕಾರ. ನಿಮ್ದು ಊಟ ಆತೇನ್ರಿ?" ಅಂದ.

"ಆತಪಾ, ಈಗ ಆತು. ಹೋಗಿ ಬಾ."

ಫಕೀರಪ್ಪ ಹಾಗೇ ಮುಮ್ತಾಜಳ ಕಡೆ ತಿರುಗಿ ಮರ್ಯಾದೆಗೆ ಕೇಳಿದ: "ನಿಮ್ದಾತೇನ್ರಿ, ಮೇಡಮ್ಮಾರ?"

"ಆತ್ರೀ," ಎಂದಳು ಮುಮ್ತಾಜ್.

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅಯ್ಯೋ, ರೋಜಾ! ನಸುಕಿನಿಂದ ಒಂದು ಹನಿ ನೀರು ಬಾಯಿಗೆ ಬಿದ್ದಿಲ್ಲ, ಆತ್ರೀ ಅಂತೆ! ಆಕೆಯ ಮಾತು ಸುಳ್ಳೆಂದು ಸಾಕ್ಷಿ ಹೇಳುವಂತೆ ಅದೇ ಗಳಿಗೆಗೆ ಹೊಟ್ಟೆ ಗುರ್ರ್ ಎಂದಿತು. ಮುಮ್ತಾಜ್ ಕಣ್ಣು ಕೆಳಗಿಳಿಸಿದಳು. ತೊಡೆಯ ಮೇಲಿನ ಪರದೆಯಲ್ಲಿ ಹಸಿರು ದೀಪ ಆಗಷ್ಟೇ ಹತ್ತಿ ಆರುತ್ತಿತ್ತು: ಸಾವಂತ್ರಕ್ಕನ ಊಟ ದಾಖಲಾಗಿದೆ.

ಇನ್ನೊಬ್ಬ ಎದ್ದ. "ಅಕ್ಕಾರ, ಊಟ ಆತೇನ್ರಿ?" "ಆತಪಾ." ಟಿಕ್. ಇಬ್ಬರು ಕಾಲೇಜು ಹುಡುಗಿಯರು. "ನಿಮ್ದಾತೇನ್ರಿ ಆಂಟಿ?" "ಆತವಾ." ಟಿಕ್. ಲಾರಿ ಡ್ರೈವರ್, ಕೋರ್ಟಿನ ಗುಮಾಸ್ತ, ಹೂವು ಮಾರುವಾಕೆ. ಟಿಕ್, ಟಿಕ್, ಟಿಕ್. ಹತ್ತು ನಿಮಿಷದಲ್ಲಿ ಮುಮ್ತಾಜ್ ಹನ್ನೊಂದು ಊಟ ಎಣಿಸಿದಳು, ಸಾವಂತ್ರಕ್ಕನ ಬಾಯಿಗೆ ಒಂದು ಗುಟುಕು ನೀರೂ ಹೋಗಿರಲಿಲ್ಲ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ತಿಂಗಳಿಡೀ ಆರು ಮಂದಿ ವಿಜ್ಞಾನಿಗಳು ಕೋಶ ನೋಡಿದರು, ರಕ್ತ ನೋಡಿದರು, ಔಷಧ ಬದಲಿಸಿದರು. ಯಾರಿಗೂ ಈ ಮಾತು ಕೇಳಿಸಿರಲಿಲ್ಲ. ಹೇಗೆ ಕೇಳಿಸೀತು? ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ಕೇಳಿ, ಹತ್ತು ಸಲ ಆಡಿ, ಅದು ಮಾತು ಅನ್ನುವುದೇ ಮರೆತುಹೋಗಿತ್ತು. ಮುಮ್ತಾಜ್ ಪಟ್ಟಿಯ ಕಿವಿಯನ್ನು ಪರೀಕ್ಷೆ ಮಾಡಿದ್ದು ಬಾಗಿಲು ಮುಚ್ಚಿದ ಲ್ಯಾಬಿನಲ್ಲಿ, ಅಲ್ಲಿ ಯಾರೂ ಯಾರನ್ನೂ ಊಟ ಆತೇನ್ರಿ ಎಂದು ಕೇಳಿರಲಿಲ್ಲ.

ಸಾವಂತ್ರಕ್ಕನ ಕೈ ಹಿಡಿದು ಅಡಿಗೆಮನೆಯ ಒಳಗೆ ಎಳೆದುಕೊಂಡು ಹೋದಳು. "ಅಕ್ಕಾರ, ಮಂದಿಗಿ ಯಾಕ ಸುಳ್ಳ ಹೇಳ್ತೀರಿ? ಊಟ ಆತು, ಊಟ ಆತು ಅಂತ!"

ಸಾವಂತ್ರಕ್ಕ ಬೆಪ್ಪಾದಳು. "ಇದು ಸುಳ್ಳೇನು? ಕೇಳಿದ್ರ ಹೇಳೂದು ರೀತಿ. ಇಲ್ಲ ಅಂದ್ರ ಯಾಕಿಲ್ಲ ಅಂತಾರ. ನಾ ಏನಂತ ಹೇಳ್ಲಿ? ನನ್ನ ಅಡಗಿ ನನಗ ಇಳಿಯೂದಿಲ್ಲ ಅಂತ ಹೇಳ್ಲೇನು? ನಾಳಿಂದ ಯಾರ ಬರ್ತಾರ ಇಲ್ಲಿಗಿ?" ಆಮೇಲೆ ಕಣ್ಣು ಕಿರಿದು ಮಾಡಿದಳು. "ಮತ್ತ ನೀನು? ರೋಜಾ ಇದ್ದಾಕಿ ಆತ್ರೀ ಅಂದೆಲ್ಲ. ನಿಂದು ಸುಳ್ಳಲ್ಲೇನ?"

ರೊಟ್ಟಿ ಬಡಿಯುತ್ತಿದ್ದ ಹೆಂಗಸರಿಬ್ಬರೂ ಕಿಸಕ್ಕೆಂದರು. ಮುಮ್ತಾಜಳಿಗೆ ನಗು ಬಂತು, ಅಳುವೂ ಬಂತು. ಪಟ್ಟಿ ಏನು ಮಾಡುತ್ತಿದೆ ಎಂದು ಹೇಳಿದಳು. ಹೊಟ್ಟೆ ಖಾಲಿ ಇದ್ದರೂ ತುಂಬಿದೆ ಎಂದು ತಿಳಿದು, ಬಂದ ಕೋಶಗಳಿಗೆ ಪುರಸೊತ್ತೇ ಕೊಡದೆ ಬರೇ ನಾದಿಸಿದೆ. ಕಸ ಗುಡಿಸುವ ಆ ದೊಡ್ಡ ಅಲೆಯಲ್ಲೇ ಅವು ನೆರೆಯವರ ಕೈ ಹಿಡಿಯಬೇಕಿತ್ತು, ಆ ಅಲೆ ಒಂದು ಸಲವೂ ಬರಲಿಲ್ಲ.

ಸಾವಂತ್ರಕ್ಕ ಗೋಡೆಗೆ ಒರಗಿದಳು. "ಅಂದ್ರ ನನ್ನ ಮಾತ ನನ್ನ ಹೊಟ್ಟಿಗಿ ಹೊಡದೈತಿ."

"ಇಲ್ಲ ಅಕ್ಕಾರ. ನೀವು ಆಡಿದ್ದು ಎಲ್ಲಾರೂ ಆಡೂ ಮಾತು. ಕೇಳಿಸಿಕೊಳ್ಳಾಕ ಬರಲಾರದ ಕಿವಿ ಮಾಡಿದಾಕಿ ನಾನು. ತಪ್ಪು ನಂದು." ಹಾಗೆಂದು ಮುಮ್ತಾಜ್ ಪಟ್ಟಿಯ ಕಿವಿಯನ್ನು ಅಲ್ಲೇ ಮುಚ್ಚಿದಳು.

ಗಲಗಲಿ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಕಡೆಯಿಂದ ಸೊರ್ರ್ ಎಂದು ಚಹಾ ಎಳೆದ ಸದ್ದು. "ಈ ನಾಡಿನಾಗ ಕಿವಿ ಇರೂ ಯಂತ್ರ ಮಾಡೂದು ಸಲೀಸಲ್ಲವಾ," ಎಂದರು. "ಇವತ್ತು ರಾತ್ರಿ ಸಲಾಯಿನ್ ಬ್ಯಾಡ. ನೀರಿನ ಬಾಟ್ಲಿ ಅಷ್ಟ ಇರ್ಲಿ. ಬಾಯಿಗಿ ಏನೂ ಕೊಡಬ್ಯಾಡ. ಆದ್ರ ನೆಪ್ಪಿಡು, ಶುಕ್ರವಾರ ಎಂಟಕ್ಕ ಗೆರಿ ಕೂಡಿರದಿದ್ರ ನಾ ತಗಿಯಾಂವ."

ಬುಧವಾರ ಸಂಜೆ ಮೊದಲ ಹಸಿದ ಪಾಠ ನಡೆಯಿತು. ಪಟ್ಟಿ ಮೇಲಿನಿಂದ ಕೆಳಕ್ಕೆ ತಟ್ಟುತ್ತ ಹೋಯಿತು. ಕೆಂಪು ಒಂದಿಷ್ಟು ಏರಿತು, ನೀಲಿಗೆ ಸುದ್ದಿಯೇ ಮುಟ್ಟಲಿಲ್ಲ. ರಾತ್ರಿಯೆಲ್ಲ ಪಟ್ಟಿ ತನ್ನ ಪಾಡಿಗೆ ಪಾಠ ಹೇಳಿತು. ಗುರುವಾರ ಮುಂಜಾನೆ ನೀಲಿ ಅಷ್ಟಿಷ್ಟು ಅಲುಗಿದಂತೆ ಕಂಡಿತು, ಮತ್ತೆ ಮಲಗಿತು. ಮಧ್ಯಾಹ್ನಕ್ಕೆ ಮುಮ್ತಾಜ್ ಪರದೆ ಹಿಡಿದುಕೊಂಡು ಖಾನಾವಳಿಯ ಅಡಿಗೆಮನೆಯಲ್ಲೇ ಬಂದು ಕೂತಳು. ಸಾವಂತ್ರಕ್ಕ ಎಂದಿನಂತೆ ಬಾಗಿಲಲ್ಲಿ ನಿಂತು ಬಡಿಸಿದಳು, ಎಂದಿನಂತೆ ಆತಪಾ ಆತಪಾ ಅಂದಳು. ಈಗ ಅನ್ನಲಿ ಬಿಡಿ, ಕೇಳುವ ಕಿವಿ ಮುಚ್ಚಿತ್ತು.

ಊಟದ ಹೊತ್ತು ಮುಗಿದು, ತೊಳೆದ ತಟ್ಟೆಗಳನ್ನು ಬೋರಲು ಹಾಕಿದ ಮೇಲೆ ಇಬ್ಬರೂ ಹಿಟ್ಟಿನ ಚೀಲಕ್ಕೆ ಬೆನ್ನು ಕೊಟ್ಟು ಕೂತರು. ಒಬ್ಬಳದು ರೋಜಾ, ಇನ್ನೊಬ್ಬಳದು ಹೆಸರಿಲ್ಲದ ಉಪವಾಸ.

"ನಿಂಗ ಖರೇ ಅನಸ್ತೈತೇನ?" ಸಾವಂತ್ರಕ್ಕ ಕೇಳಿದಳು. "ತಟ್ಟಿಯಾಗ ಬೆಳದ ಕೋಶ. ಅವಕ್ಕ ಕಣ್ಣಿಲ್ಲ, ಬಾಯಿಲ್ಲ. ಯಾರ ಕೈ ಹಿಡೀಬೇಕು ಅಂತ ಹೆಂಗ ಗೊತ್ತಾಕ್ಕೈತಿ?"

"ನಂಗೂ ಪೂರಾ ಗೊತ್ತಿಲ್ಲ ಅಕ್ಕಾರ. ಹತ್ತು ವರ್ಷಾತು ನೋಡಾಕತ್ತು. ತಟ್ಟಿಯಾಗ ಎರಡು ಕೋಶ ದೂರ ದೂರ ಇಟ್ರ ಬ್ಯಾರೆ ಬ್ಯಾರೆ ತಾಳ ಹಾಕ್ತಾವು. ಆಮ್ಯಾಲ ಕೈ ಚಾಚತಾವು. ಒಂದಿನ, ಎರಡ ದಿನ, ತಡಕಾಡತಾವು. ಕೈ ಕೂಡಿದ ಮ್ಯಾಲ ನೋಡಬೇಕು ನೀವು, ಎರಡೂ ಒಂದ ತಾಳ! ಯಾವುದು ಯಾವುದಕ್ಕ ಸೋತಿತು ಅಂತ ಹೇಳಾಕ ಬರೂದಿಲ್ಲ. ಮೊದಲ್ನೇ ಸಲ ಅದನ್ನ ನೋಡಿದಾಗ ನಾ ಸೂಕ್ಷ್ಮದರ್ಶಕದ ಮುಂದ ಕುಂತು ಅತ್ತಬಿಟ್ಟಿದ್ದೆ."

ಇದನ್ನು ಮುಮ್ತಾಜ್ ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುತ್ತಾರೆ. ಇವುಗಳದಂತೂ ಮೂರ್ತಿಯೂ ಕಾಣದು, ಕೀರ್ತಿಯ ಹಂಬಲವೂ ಇಲ್ಲ. ಅನ್ನ ದಾಟಿಸುವ ಗೋಡೆಯೊಳಗೇ ಕೂತು ಅನ್ನದ ರುಚಿ ಒಮ್ಮೆಯೂ ನೋಡದೆ, ಮೇಲಿನವರಿಗೂ ಕೆಳಗಿನವರಿಗೂ ಸುದ್ದಿ ಮುಟ್ಟಿಸುತ್ತ ಇರುತ್ತವೆ. ಮುಮ್ತಾಜ್ ಪಕ್ಕದಲ್ಲಿ ಕೂತವಳನ್ನು ನೋಡಿದಳು. ಮೂರು ವರ್ಷ ಉಪವಾಸವಿದ್ದು ಊರಿಗೆ ಉಣ್ಣಿಸಿದ ಈ ಹೆಂಗಸೂ ನಡುವಿನಮನಿಯವಳೇ ಅಲ್ಲವೇ ಅನ್ನಿಸಿತು.

ಆಗ ಸದ್ದಾಯಿತು. ಗುರ್ರ್... ರ್ರ್.

"ನಿಂದೇನ ತಂಗಿ?" ಅಂದಳು ಸಾವಂತ್ರಕ್ಕ.

"ನಂದಲ್ರಿ."

ಮತ್ತೆ ಸದ್ದು. ಈ ಸಲ ಉದ್ದಕ್ಕೆ, ಮೇಲಿನಿಂದ ಕೆಳಗೆ ಇಳಿದಂತೆ. ಮುಮ್ತಾಜ್ ಪರದೆ ಎತ್ತಿದಳು. ಕೆಂಪು ಏರಿತು. ನೀಲಿ ಹಿಂದೆ ಬಿತ್ತು, ಓಡಿತು, ಅರ್ಧ ಹೆಜ್ಜೆ ತಪ್ಪಿತು. ಮತ್ತೆ ಕೆಂಪು ಏರಿತು. ಈ ಸಲ ನೀಲಿ ಕೂಡಿಕೊಂಡಿತು. ಎರಡೂ ಏರಿದವು, ಎರಡೂ ಇಳಿದವು. ಮತ್ತೆ. ಮತ್ತೆ. ಗಡಿಯಾರ ನೋಡುತ್ತ ಎಣಿಸಿದಳು. ನಿಮಿಷಕ್ಕೆ ಹನ್ನೆರಡು! ಮೊದಲ ಜಾಳಿಗೆ, ಎರಡನೆಯದು, ಮೂರನೆಯದು, ಅಲೆ ಒಂದರಿಂದ ಒಂದಕ್ಕೆ ದಾಟುತ್ತ ಆರನೆಯ ತನಕ ಹೋಯಿತು.

"ಅಕ್ಕಾರ! ಬಂದ್ರು! ಮನಿಗಿ ಬಂದ್ರು!" ಮುಮ್ತಾಜ್ ಸಣ್ಣ ಹುಡುಗಿಯಂತೆ ಕೂಗಿದಳು.

ಸಾವಂತ್ರಕ್ಕ ಪರದೆ ನೋಡಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ದೂರದಲ್ಲಿ ಯಾರೋ ಕರೆದದ್ದನ್ನು ಆಲಿಸುವವಳಂತೆ ತಲೆ ಓರೆ ಮಾಡಿ ಕೂತಿದ್ದಳು. "ಇದು... ಇದು ಏನೈತಿ? ಒಳಗ ಎಳದಾಂಗ ಆಗ್ತೈತಿ. ನೋವಲ್ಲ." ಕಣ್ಣಿಂದ ಬಳಬಳ ನೀರು ಇಳಿಯಿತು. "ಹಸಿವು! ತಂಗಿ, ಇದಕ್ಕ ಹಸಿವು ಅಂತಾರ. ನನಗ ಮರತಬಿಟ್ಟಿತ್ತು."

ಗಲಗಲಿ ಡಾಕ್ಟರು ತಮ್ಮ ಪರದೆಯಲ್ಲಿ ಅದನ್ನೇ ನೋಡಿದ್ದರು. ಅವರೇ ಫೋನ್ ಮಾಡಿದರು. ಖುಷಿ ಮುಚ್ಚಿಕೊಳ್ಳಲು ಗದರುವಂತೆ ನಟಿಸಿದರು. ಶುಕ್ರವಾರದ ಕತ್ತರಿ ರದ್ದು. ರೊಟ್ಟಿಗೆ ಇನ್ನೂ ತಿಂಗಳು ಕಾಯಬೇಕು. ಇವತ್ತು ನಾಲ್ಕು ಚಮಚ ಅಂಬಲಿ, ಅದೂ ಎರಡು ಅಲೆ ತಪ್ಪದೆ ಬಂದ ಮೇಲೆ.

ಎರಡೂ ತಪ್ಪದೆ ಬಂದವು. ಅಷ್ಟರಲ್ಲಿ ಸಂಜೆಯಾಯಿತು, ಉಣ್ಣುವ ಮಂದಿ ಒಬ್ಬೊಬ್ಬರಾಗಿ ಬರತೊಡಗಿದರು. ಅವರ ಹಿಂದೆಯೇ ಫಕೀರಪ್ಪನೂ ಬಂದ. ಬೆಂಚಿನ ಮೇಲೆ ಕೂತು, ಹೆಗಲ ಟವೆಲ್ಲು ತೆಗೆದು, ಇಪ್ಪತ್ತು ವರ್ಷದ ರೂಢಿಯಂತೆ ಕೇಳಿದ: "ಏನ್ರಿ ಅಕ್ಕಾರ, ಊಟ ಆತೇನ್ರಿ?"

ಸಾವಂತ್ರಕ್ಕ ಬಾಯಿ ತೆರೆದಳು. ಆ ಎಂಬ ಅಕ್ಷರ ತುಟಿಗೆ ಬಂದಿತ್ತು. ನುಂಗಿಕೊಂಡಳು.

"ಇಲ್ಲಪಾ," ಅಂದಳು. "ಆಗಿಲ್ಲ. ಮೂರು ವರ್ಷಾತು ಆಗಿಲ್ಲ."

ಅಲ್ಲಿದ್ದ ಏಳೆಂಟು ಮಂದಿಯ ಕೈ ತಟ್ಟೆಯಲ್ಲೇ ನಿಂತಿತು. ಅವಳು ಎಲ್ಲವನ್ನೂ ಹೇಳಿದಳು: ಜ್ವರ, ನಳಿಕೆ, ಸೊಂಟದ ಪಟ್ಟಿ, ದಿನಾ ಆಡಿದ ಸುಳ್ಳು, ಒಲೆಯ ಪಕ್ಕ ಕಾದಿರುವ ನಾಲ್ಕು ಚಮಚ ಅಂಬಲಿ. ಹೇಳುವಾಗ ಕಣ್ಣು ನೆಲ ನೋಡುತ್ತಿತ್ತು. ಇನ್ನು ಇವರು ಎದ್ದು ಹೋಗುತ್ತಾರೆ ಎಂದು ಕಾಯುತ್ತಿದ್ದಾಳೆ ಎಂಬುದು ಮುಮ್ತಾಜಳಿಗೆ ತಿಳಿಯಿತು.

ಫಕೀರಪ್ಪ ಎದ್ದೇ ಎದ್ದ. ಅಡಿಗೆಮನೆಗೆ ನಡೆದ. ಒಲೆಯ ಪಕ್ಕದ ಸಣ್ಣ ಗಡಿಗೆಯಿಂದ ಬಟ್ಟಲಿಗೆ ಅಂಬಲಿ ಹಾಕಿಕೊಂಡು, ಚಮಚ ಇಟ್ಟುಕೊಂಡು ಬಂದ. ತಾನು ಕೂತಿದ್ದ ಜಾಗವನ್ನು ಟವೆಲ್ಲಿನಿಂದ ಒರೆಸಿದ.

"ಕೂಡ್ರಿ," ಅಂದ. "ಇಪ್ಪತ್ತು ವರ್ಷ ನೀವು ಬಡಿಸೀರಿ. ಕೇಳೂದು ಅಷ್ಟ ಕೇಳಿ ಹೋದ್ವಿ ನಾವು, ಹೇಳಿದ್ದು ಖರೇನೋ ಸುಳ್ಳೋ ನೋಡಲಿಲ್ಲ. ಕೂಡ್ರಿ ಅಕ್ಕಾರ, ನೀವು ಉಣ್ಣೂತನಕ ನಾವು ಯಾರೂ ಉಣ್ಣೂದಿಲ್ಲ."

ಯಾರೂ ಉಣ್ಣಲಿಲ್ಲ. ರೊಟ್ಟಿ ಬಡಿಯುವ ಸದ್ದೂ ನಿಂತಿತು. ಸಾವಂತ್ರಕ್ಕ ಕೂತಳು. ಅಷ್ಟರಲ್ಲಿ ಆಚೆ ಓಣಿಯ ಮಸೀದಿಯಿಂದ ಅಜಾನ್ ಕೇಳಿತು. ಮುಮ್ತಾಜ್ ಪರ್ಸಿನಿಂದ ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡು ಅವಳ ಪಕ್ಕದಲ್ಲೇ ಕೂತಳು. ಸಾವಂತ್ರಕ್ಕ ಒಂದು ಚಮಚ ಕುಡಿದಳು. ಕಣ್ಣು ಮುಚ್ಚಿದಳು. ಎರಡು, ಮೂರು, ನಾಲ್ಕು. ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಹತ್ತು ನಿಮಿಷವಾಯಿತು, ಕಾಲು ತಾಸಾಯಿತು. ಹೊಟ್ಟೆ ಉಬ್ಬಲಿಲ್ಲ, ವಾಂತಿಯಾಗಲಿಲ್ಲ. ಪರದೆಯಲ್ಲಿ ಕೆಂಪು ನೀಲಿ ಕೂಡಿಯೇ ನಡೆದಿದ್ದವು, ಈಗ ಗುಡಿಸುವ ನಡಿಗೆ ಬಿಟ್ಟು ನಾದುವ ನಡಿಗೆಗೆ ತಾವಾಗಿಯೇ ಹೊರಳಿದ್ದವು.

ಮುಮ್ತಾಜ್ ಮೆಲ್ಲಗೆ ಕೈ ಚಾಚಿ ಪಟ್ಟಿಯ ಕಿವಿ ತೆರೆದಳು. ಆಮೇಲೆ ಫಕೀರಪ್ಪನ ಕಡೆ ನೋಡಿ, ಕೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು.

ಫಕೀರಪ್ಪ ಗಂಟಲು ಸರಿಮಾಡಿಕೊಂಡ. ಬಸ್ಸಿನಲ್ಲಿ ಸಾವಿರ ಮಂದಿಯನ್ನು ಗದರಿದ ಆ ದನಿ ಈಗ ಏಳಲೊಲ್ಲದು. "ಊಟ... ಊಟ ಆತೇನ್ರಿ, ಅಕ್ಕಾರ?"

"ಆತಪಾ," ಅಂದಳು ಸಾವಂತ್ರಕ್ಕ. "ಊಟ ಆತು."

ಪಟ್ಟಿ ಟಿಕ್ ಎಂದಿತು.